ಸೋಮಾರಿ ಗುಮಾಸ್ತನಿಗೊಂದು ಮೈಸೂರು ಪೇಟ

ನಮ್ಮ ಬಡಾವಣೆಯ ಸಂಘದವರಿಗೆ ಪ್ರತಿ ನವೆಂಬರಿನಲ್ಲಿ ಯಾರಿಗಾದರೂ ಒಬ್ಬರಿಗೆ ಸನ್ಮಾನ ಮಾಡಲೇಬೇಕು. ಶಾಲು, ಗಂಧದ ಹಾರ, ಹಣ್ಣಿನ ಬುಟ್ಟಿ, ಮೈಸೂರು ಪೇಟ ಎಲ್ಲ ಮೊದಲೇ ಬಂದು ಕೂತಿರುತ್ತವೆ. ಪೇಟಕ್ಕೆ ತಲೆಯನ್ನು ಆಮೇಲೆ ಹುಡುಕುತ್ತಾರೆ. ಈ ಸಲ ಸಭೆಯಲ್ಲಿ ಕೇಳಿದಾಗ ನಾನು ನೈಜೀರಿಯಾದ ಒಬ್ಬ ಗುಮಾಸ್ತನನ್ನು ಸೂಚಿಸಿದೆ.

“ಏನು ಸಾಧನೆ ಸಾರ್ ಅವರದು?” ಅಂತ ಕಾರ್ಯದರ್ಶಿಗಳು ಪೆನ್ನು ತೆಗೆದರು.

“ಎಸೆಯಬೇಕಾಗಿದ್ದ ಹಳೆಯ ಟಿವಿ ಸೀರಿಯಲ್ಲಿನ ಫಿಲ್ಮ್ ಡಬ್ಬಿಗಳನ್ನು ಎಸೆಯದೆ ಸುಮ್ಮನೆ ಕೂತಿದ್ದು.”

“ಅಂಥವರು ನಮ್ಮ ಆಫೀಸಲ್ಲೇ ಹತ್ತು ಜನ ಇದ್ದಾರಲ್ಲ, ನೈಜೀರಿಯಾ ತನಕ ಯಾಕೆ ಹೋಗೋದು?” ಅಂದರು ಅವರು. ನನ್ನ ಸೂಚನೆ ಬಿದ್ದುಹೋಯಿತು. ಸಭೆಯಲ್ಲಿ ಹೇಳಲಾಗದೆ ಉಳಿದ ಅಭಿನಂದನಾ ಭಾಷಣವನ್ನು ಇಲ್ಲಿ ಮಾಡುತ್ತಿದ್ದೇನೆ.

‘ಡಾಕ್ಟರ್ ಹೂ’ ಎಂಬ ವಿಜ್ಞಾನ ಕಥೆಯ ಧಾರಾವಾಹಿಯನ್ನು ಬಿಬಿಸಿ ಶುರುಮಾಡಿದ್ದು 1963ರ ನವೆಂಬರ್ 23ರ ಶನಿವಾರ ಸಂಜೆ. ಹಿಂದಿನ ದಿನವಷ್ಟೇ ಅಮೆರಿಕದಲ್ಲಿ ಕೆನಡಿಯ ಹತ್ಯೆಯಾಗಿತ್ತು. ಅಂಥ ಹೊತ್ತಿನಲ್ಲಿ ಸೀರಿಯಲ್ಲು ಯಾರ ಕಣ್ಣಿಗೆ ಬೀಳಬೇಕು? ಮುಂದಿನ ವಾರ ಅದೇ ಕಂತನ್ನು ಮತ್ತೊಮ್ಮೆ ತೋರಿಸಿ ಆಮೇಲೆ ಎರಡನೆಯದಕ್ಕೆ ಹೋದರು. ಪೊಲೀಸರಿಗೆ ಫೋನ್ ಮಾಡಲು ಬೀದಿಯಲ್ಲಿಡುತ್ತಿದ್ದ ನೀಲಿ ಡಬ್ಬಿಯೊಳಗೆ ಕೂತು ಕಾಲದಲ್ಲಿ ಹಿಂದೆ ಮುಂದೆ ಓಡಾಡುವ ಮುದುಕನೊಬ್ಬನ ಕಥೆ ಅದು. ಡಬ್ಬಿ ಹೊರಗಿನಿಂದ ನೋಡಿದರೆ ನಮ್ಮ ಹಳೆಯ ಎಸ್‌ಟಿಡಿ ಬೂತಿನಷ್ಟು, ಒಳಗೆ ಹೋದರೆ ಕಲ್ಯಾಣ ಮಂಟಪದಷ್ಟು. ಅದು ಹೊರಡುವಾಗಿನ ಕೊರಕಲು ಸದ್ದನ್ನು ಬ್ರಯನ್ ಹಾಡ್ಜ್‌ಸನ್ ಎಂಬಾತ ಪಿಯಾನೊ ತಂತಿಯ ಮೇಲೆ ಮನೆಯ ಬೀಗದ ಕೈ ಉಜ್ಜಿ ಹೊರಡಿಸಿದ್ದ. ಕಥೆಯ ಖಳರಾದ, ಲೋಹದ ಕವಚದೊಳಗಿನ ಲೋಕಕಂಟಕ ಡಾಲೆಕ್‌ಗಳ ಒಂದು ಕೈ ಯಾವುದು ಅಂದುಕೊಂಡಿರಿ? ಸಿಂಕು ಕಟ್ಟಿಕೊಂಡಾಗ ಒತ್ತುವ ರಬ್ಬರ್ ಬಟ್ಟಲು. 1975ರ ಒಂದು ಕಥೆಯಲ್ಲಿ ಬರುವ ಅನ್ಯಗ್ರಹದ ಹುಳು, ಗಾಜಿನ ಸಾಮಾನಿಗೆ ಸುತ್ತಿ ಬರುತ್ತದಲ್ಲ, ಮಕ್ಕಳು ಪಟಪಟ ಒಡೆಯುವ ಗುಳ್ಳೆ ಪ್ಲಾಸ್ಟಿಕ್ಕು, ಅದಕ್ಕೆ ಹಸಿರು ಬಳಿದದ್ದು. ಇದೆಲ್ಲ ಗೊತ್ತಿದ್ದೂ ನಡುರಾತ್ರಿ ಒಬ್ಬನೇ ನೋಡುವಾಗ ಹೆದರಿಕೆಯಾಗುತ್ತದೆ. ಕೋಟಿಗಟ್ಟಲೆ ಸುರಿದ ಈಗಿನ ಗ್ರಾಫಿಕ್ಸಿಗೆ ಆಕಳಿಕೆ ಬರುತ್ತದೆ, ರಬ್ಬರ್ ಬಟ್ಟಲು ಹತ್ತಿರ ಬಂದರೆ ಬೆನ್ನು ನೆಟ್ಟಗಾಗುತ್ತದೆ. ಅಭಿಮಾನಕ್ಕೆ ಮದ್ದಿಲ್ಲ ಬಿಡಿ.

ಮನುಷ್ಯ ಹತ್ತು ಸಾವಿರ ವರ್ಷದಾಚೆ ಹೇಗಿರುತ್ತಾನೆ ಅಂತ ವಾರವಾರವೂ ಕಣಿ ಹೇಳಿದ ಸಂಸ್ಥೆಗೆ, ಹತ್ತು ವರ್ಷದಾಚೆ ಈ ಕಂತನ್ನು ಯಾರಾದರೂ ಕೇಳಿಕೊಂಡು ಬರಬಹುದು ಅನ್ನುವುದು ಮಾತ್ರ ಹೊಳೆಯಲಿಲ್ಲ. ಎರಡು ಇಂಚು ಅಗಲದ ವಿಡಿಯೊ ಟೇಪು ಆಗ ಬಲು ದುಬಾರಿ. ಅಳಿಸಿದರೆ ಮತ್ತೆ ಬಳಸಬಹುದು. ಕಲಾವಿದರ ಸಂಘದ ಒಪ್ಪಂದದಿಂದಾಗಿ ಬೇಕೆಂದಾಗಲೆಲ್ಲ ಮರುಪ್ರಸಾರ ಮಾಡುವಂತಿರಲಿಲ್ಲ. ಸಾಲದ್ದಕ್ಕೆ ಬಣ್ಣದ ಟಿವಿ ಬಂದು ಕಪ್ಪು ಬಿಳುಪು ಗುಜರಿಗೆ ಸಮವಾಯಿತು. ಅಳಿಸಿ! 1967ರಿಂದ 1978ರವರೆಗೆ ಅಳಿಸಿದರು. ಮೊದಲ ಆರು ವರ್ಷಗಳ 253 ಕಂತುಗಳಲ್ಲಿ 90ಕ್ಕೂ ಹೆಚ್ಚು ಇವತ್ತಿಗೂ ಪತ್ತೆಯಿಲ್ಲ.

ಇದನ್ನು ಯಾವನೋ ಒಬ್ಬ ಖಳನಾಯಕ ಮಾಡಿದ್ದರೆ ಬೈದು ಹಗುರಾಗಬಹುದಿತ್ತು. ಮಾಡಿದ್ದು ಆಫೀಸು. ಎಂಜಿನಿಯರಿಂಗ್ ವಿಭಾಗದವರ ಪ್ರಕಾರ ಟೇಪು ಅವರದು, ಅದರೊಳಗಿನ ಕಾರ್ಯಕ್ರಮ ಅವರದಲ್ಲ. ಫಿಲ್ಮ್ ಲೈಬ್ರರಿಯವರ ಪ್ರಕಾರ ಇದು ಟೇಪಿನಲ್ಲಿ ತೆಗೆದದ್ದು, ಫಿಲ್ಮ್ ಅಲ್ಲ, ಆದ್ದರಿಂದ ಕಾಪಾಡುವುದು ಅವರ ಪಾಲಿಗೆ ಬರುವುದಿಲ್ಲ. ಹೊರದೇಶಕ್ಕೆ ಮಾರುತ್ತಿದ್ದ ಬಿಬಿಸಿ ಎಂಟರ್‌ಪ್ರೈಸಸ್‌ನವರ ಬಳಿ 16 ಎಂಎಂ ಫಿಲ್ಮಿನ ನಕಲಿತ್ತು. ಮೂಲ ಹೇಗೂ ಒಳಗೆಲ್ಲೋ ಭದ್ರವಾಗಿರುತ್ತದೆ ಎಂಬ ನಂಬಿಕೆಯಲ್ಲಿ ಅವರು ನಕಲನ್ನು ಎಸೆದರು. ನಕಲು ಹೇಗೂ ಅಲ್ಲೆಲ್ಲೋ ಇರುತ್ತದೆ ಎಂಬ ಧೈರ್ಯದಲ್ಲಿ ಟೇಪಿನವರು ಮೂಲವನ್ನು ಅಳಿಸಿದರು. ನಮ್ಮಲ್ಲಿ ಖಾತೆ ಬದಲಾವಣೆಗೆ ಅಲೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೂರೂ ಟೇಬಲ್ಲಿನವರು ನಿಯಮ ಮೀರಲಿಲ್ಲ, ಮೂವರೂ ಕಚೇರಿಗೆ ಹೊತ್ತಿಗೆ ಸರಿಯಾಗಿ ಬಂದವರು. 1978ರಲ್ಲಿ ಇಯಾನ್ ಲೆವಿನ್ ಎಂಬ ಅಭಿಮಾನಿ ಹೋಗಿ ವಿಚಾರಿಸದಿದ್ದರೆ ಡಾಲೆಕ್‌ಗಳ ಮೊಟ್ಟಮೊದಲ ಕಥೆಯೂ ಹೋಗುತ್ತಿತ್ತು. ಅದರ ಡಬ್ಬಿಗಳನ್ನು ನಾಶಕ್ಕೆಂದು ಕಟ್ಟಿಟ್ಟಾಗಿತ್ತು.

ಈಗ ನಮ್ಮ ಸನ್ಮಾನಿತರ ವಿಷಯ. ಹೊರದೇಶಗಳ ಟಿವಿ ಕೇಂದ್ರಗಳಿಗೆ ಫಿಲ್ಮ್ ಕಳಿಸುವಾಗ ಬಿಬಿಸಿಯ ಶರತ್ತು ಸ್ಪಷ್ಟವಿತ್ತು. ತೋರಿಸಿ ಮುಗಿದ ಮೇಲೆ ವಾಪಸು ಕಳಿಸಿ, ಇಲ್ಲವೇ ಮುಂದಿನ ದೇಶಕ್ಕೆ ದಾಟಿಸಿ, ಇಲ್ಲವೇ ನಾಶಮಾಡಿ. ಹೇಳಿದ್ದನ್ನು ಶಿಸ್ತಾಗಿ ಮಾಡಿದ ದೇಶಗಳಲ್ಲಿ ಈಗ ಒಂದು ಚೂರೂ ಸಿಗುವುದಿಲ್ಲ. ನೈಜೀರಿಯಾದ ಜೋಸ್ ಪಟ್ಟಣದ ಟಿವಿ ಕೇಂದ್ರದಲ್ಲಿ ಮಾತ್ರ ಯಾರೋ ಪುಣ್ಯಾತ್ಮ ‘ನಾಳೆ ನೋಡಿದರಾಯಿತು’ ಅಂದುಕೊಂಡಿರಬೇಕು. ಆ ನಾಳೆ ನಲವತ್ತು ವರ್ಷ ಬರಲಿಲ್ಲ. ಅಲ್ಲಿನ ಉಗ್ರಾಣದ ಧೂಳಿನಿಂದ ಫಿಲಿಪ್ ಮಾರಿಸ್ ಎಂಬ ಹುಡುಕಾಟಗಾರ ಎತ್ತಿ ತಂದ ಡಬ್ಬಿಗಳಲ್ಲಿ ಕಳೆದೇಹೋಗಿದ್ದ 9 ಕಂತುಗಳಿದ್ದವು. 2013ರ ಅಕ್ಟೋಬರಿನಲ್ಲಿ ಸುದ್ದಿ ಹೊರಬಿದ್ದಾಗ ನಾನು ಮನೆಯಲ್ಲಿ ಪಾಯಸ ಮಾಡಿಸಿದೆ. ಕಾರಣ ಕೇಳಿದವರಿಗೆ ಶುಕ್ರವಾರ ಅಂದೆ.

ಆ 9ರಲ್ಲಿ ‘ದಿ ವೆಬ್ ಆಫ್ ಫಿಯರ್’ ಎಂಬ 1968ರ ಕಥೆಯ ಕಂತುಗಳೂ ಸೇರಿದ್ದವು. ಲಂಡನ್ನಿನ ನೆಲದಡಿಯ ರೈಲುಸುರಂಗದಲ್ಲಿ ರೋಮದ ರಾಕ್ಷಸರಾದ ಯೆಟಿಗಳು ಗುರ್ ಎನ್ನುತ್ತ ಓಡಾಡುವ ಕಥೆ. ಮೊನ್ನೆ ಮಗನನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಮತ್ತೆ ನೋಡಿದೆ. ಎರಡು ಕಂತು ಚೆನ್ನಾಗಿ ಓಡಿತು. ಮೂರನೆಯದು ಬಂದಾಗ ಚಿತ್ರ ನಿಂತೇ ಹೋಯಿತು. ಒಂದು ಸ್ಥಿರಚಿತ್ರ, ಹಿಂದೆ ಮಾತು. ಇನ್ನೊಂದು ಸ್ಥಿರಚಿತ್ರ, ಹಿಂದೆ ಕಿರುಚಾಟ. “ಅಪ್ಪಾ, ನೆಟ್ ಹೋಯ್ತು” ಅಂದ ಮಗ. ನೆಟ್ ಹೋಗಿಲ್ಲ ಕಂದಾ, ಕಂತೇ ಹೋಗಿದೆ. ಆರರಲ್ಲಿ ಮೂರನೆಯದು ಇಲ್ಲ. ಜೋಸ್‌ನಲ್ಲಿ ಅದನ್ನೂ ಕಂಡಿದ್ದೆ, ಫಿಲ್ಮ್ ಕೈಗೆ ಬರುವಷ್ಟರಲ್ಲಿ ಆ ಒಂದು ಡಬ್ಬಿ ಮಾತ್ರ ಕಾಣೆಯಾಗಿತ್ತು ಅನ್ನುತ್ತಾರೆ ಮಾರಿಸ್. ಮುಂದೆ ದಶಕಗಟ್ಟಲೆ ಈ ಧಾರಾವಾಹಿಯ ಮನೆಮಾತಾದ ಲೆತ್‌ಬ್ರಿಜ್-ಸ್ಟುವರ್ಟ್ ಎಂಬ ಸೇನಾಧಿಕಾರಿ ಮೊದಲ ಸಲ ಮುಖ ತೋರಿಸುವುದು ಅದೇ ಕಂತಿನಲ್ಲಿ. ನಾಟಕದ ನಾಯಕ ರಂಗಕ್ಕೆ ಬರುವ ಹೊತ್ತಿಗೆ ಸರಿಯಾಗಿ ಪೆಟ್ರೋಮ್ಯಾಕ್ಸ್ ಆರಿದ ಹಾಗೆ.

ಎರಡನೇ ಪೇಟ ಆಸ್ಟ್ರೇಲಿಯಾದ ಸೆನ್ಸಾರಿನವರಿಗೆ. ಮಕ್ಕಳು ಹೆದರಿಯಾರು ಅಂತ ಅವರು ಭಯಾನಕ ದೃಶ್ಯಗಳನ್ನು ಕತ್ತರಿಸಿದರು. ಕತ್ತರಿಸಿದ್ದಕ್ಕೆ ಸಾಕ್ಷಿ ಬೇಕಲ್ಲ, ಆ ತುಣುಕುಗಳನ್ನು ದಾಖಲೆಯ ಜೊತೆ ಜೋಪಾನ ಮಾಡಿದರು. 1996ರಲ್ಲಿ ಅವು ಅಲ್ಲಿನ ರಾಷ್ಟ್ರೀಯ ದಾಖಲಾಗಾರದಲ್ಲಿ ಸಿಕ್ಕವು. ‘ಫ್ಯೂರಿ ಫ್ರಮ್ ದಿ ಡೀಪ್’ ಎಂಬ ಆರು ಕಂತುಗಳ ಕಥೆಯಲ್ಲಿ ಒಂದು ಕಂತೂ ಉಳಿದಿಲ್ಲ. ಆದರೆ ಸಭ್ಯ ವೇಷದ ಇಬ್ಬರು ಗಂಡಸರು ಬಾಯಿ ಅಗಲಿಸಿ, ಸದ್ದಿಲ್ಲದೆ ವಿಷದ ಗಾಳಿ ಊದಿ ಒಬ್ಬ ಹೆಂಗಸನ್ನು ಕೆಡಹುವ ದೃಶ್ಯ ಉಳಿದಿದೆ. ಯಾಕೆಂದರೆ ಅದನ್ನು ಯಾರೂ ನೋಡಬಾರದು ಅಂತ ತೀರ್ಮಾನವಾಗಿತ್ತು! ಎಲ್ಲರೂ ನೋಡಬಹುದು ಅಂತ ಮುದ್ರೆ ಒತ್ತಿದ ಭಾಗ ಯಾರಿಗೂ ನೋಡಲು ಸಿಗುತ್ತಿಲ್ಲ. ಮೂಟೆ ಅಕ್ಕಿ ಮಾಯವಾಗಿ, ಆರಿಸಿ ಪಕ್ಕಕ್ಕಿಟ್ಟಿದ್ದ ಕಲ್ಲುಗಳಷ್ಟೇ ಉಳಿದಿವೆ. ಅಭಿಮಾನಿಗಳು ಆ ಕಲ್ಲನ್ನೇ ಬಾಯಿಗೆ ಹಾಕಿಕೊಂಡು ಆಹಾ ಎನ್ನುತ್ತಿದ್ದೇವೆ.

ಇನ್ನು ಟೇಪ್ ರೆಕಾರ್ಡರಿನ ಮೈಕನ್ನು ಟಿವಿಯ ಸ್ಪೀಕರಿಗೆ ಹಿಡಿದು, ಮನೆಯವರಿಗೆ ಕೆಮ್ಮಬೇಡಿ ಅಂತ ಕಣ್ಣಲ್ಲೇ ಗದರಿಸುತ್ತ ಕೂತಿದ್ದ ಹುಡುಗರು. ಚಿತ್ರ ಕಳೆದುಹೋದ ಪ್ರತಿಯೊಂದು ಕಂತಿನ ಧ್ವನಿಯೂ ಇವತ್ತು ಉಳಿದಿದ್ದರೆ ಅದು ಇಂಥವರಿಂದ. ಬಿಬಿಸಿ ಆಮೇಲೆ ಆ ಧ್ವನಿಯನ್ನು ತೊಳೆದು ಒರೆಸಿ ಸಿ.ಡಿ. ಮಾಡಿ ಮಾರಿತು. ಅದೇ ಧ್ವನಿಗೆ ಹೊಸದಾಗಿ ಕಾರ್ಟೂನು ಬಿಡಿಸಿ ಮತ್ತೊಮ್ಮೆ ಮಾರುತ್ತಿದೆ. ‘ದಿ ಪವರ್ ಆಫ್ ದಿ ಡಾಲೆಕ್ಸ್’ 1966ರಲ್ಲಿ ಪ್ರಸಾರವಾದ ಕಥೆ, 2016ರಲ್ಲಿ ಕಾರ್ಟೂನಾಗಿ ಬಂತು. ನಮ್ಮ ಮನೆಯ ಹಾಲನ್ನು ತಾನೇ ಚೆಲ್ಲಿದವನು, ಪಾತ್ರೆಗೆ ಅಂಟಿದ್ದ ಕೆನೆಯನ್ನು ನಮ್ಮಿಂದಲೇ ಕೆರೆದುಕೊಂಡು ಹೋಗಿ ಬೆಣ್ಣೆ ಮಾಡಿ ನಮಗೇ ಮಾರುವ ವ್ಯಾಪಾರ ಇದು. ನಾನೂ ಕೊಂಡಿದ್ದೇನೆ. ಎರಡು ಸಲ.

1983ರಲ್ಲಿ ಲಂಡನ್ನಿನ ಒಂದು ಚರ್ಚಿನ ನೆಲಮಾಳಿಗೆಯಲ್ಲಿ ಎರಡು ಕಂತು ಸಿಕ್ಕವು. ಅಲ್ಲಿಗೆ ಹೇಗೆ ಹೋದವೋ ಆ ದೇವರಿಗೇ ಗೊತ್ತು, ಜಾಗವೂ ಅವನದೇ. ಅತಿ ಹೆಚ್ಚು ಹೊಟ್ಟೆ ಉರಿಯುವುದು ನನಗೆ ಇನ್ನೊಂದರ ಬಗ್ಗೆ. ಈ ಧಾರಾವಾಹಿಯ ಮೊಟ್ಟಮೊದಲ ಕಥೆಯನ್ನು ನಿರ್ದೇಶಿಸಿದ ವಾರಿಸ್ ಹುಸೇನ್ ಹುಟ್ಟಿದ್ದು ನಮ್ಮ ಲಖನೌದಲ್ಲಿ. 1964ರ ‘ಮಾರ್ಕೊ ಪೋಲೊ’ ಕಥೆಯ ಏಳು ಕಂತುಗಳಲ್ಲಿ ಆರು ಅವರವೇ. ಲೋಕ ಸುತ್ತಿದವನ ಆ ಕಥೆ ದೇಶದೇಶಕ್ಕೆ ಮಾರಾಟವಾಗಿ ತಾನೂ ಲೋಕ ಸುತ್ತಿತು, ಏಳರಲ್ಲಿ ಒಂದೂ ಮನೆಗೆ ಮರಳಲಿಲ್ಲ. ಹೋದ ಕಡೆಯೆಲ್ಲ ಕರ್ತವ್ಯನಿಷ್ಠರೇ ಇದ್ದರು ಅಂತ ಕಾಣುತ್ತದೆ.

ಕಾಗಕ್ಕ ಗುಬ್ಬಕ್ಕನ ಕಥೆಯಂಥ ಸೀರಿಯಲ್ಲು, ಹೋದರೆ ಹೋಗಲಿ ಅನ್ನುವವರಿಗೆ ಒಂದು ಮಾತು. ಚಂದ್ರನ ಮೇಲೆ ನಿಜವಾಗಿಯೂ ಮನುಷ್ಯ ಇಳಿದಾಗಿನ ಮೂಲ ದತ್ತಾಂಶದ ಟೇಪುಗಳನ್ನು ನಾಸಾದವರೂ ಅಳಿಸಿ ಮತ್ತೆ ಬಳಸಿದ್ದಾರೆ. ಬಹಳ ಹುಡುಕಾಡಿ, 2009ರಲ್ಲಿ ಅವರೇ ಒಪ್ಪಿಕೊಂಡದ್ದು. ಟೇಪಿನ ಕೊರತೆಯಂತೆ. ಚಂದ್ರನವರೆಗೆ ಹೋಗಿಬರಲು ದುಡ್ಡಿತ್ತು, ಟೇಪಿಗೆ ಇರಲಿಲ್ಲ.

ದೊಡ್ಡವರ ಮಾತು ಬಿಡಿ, ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ 1934ರದ್ದು. ಪ್ರತಿವರ್ಷ ಮಾರ್ಚ್ 3ಕ್ಕೆ ಅದನ್ನು ನೆನೆಯುತ್ತೇವೆ, ನೋಡಲು ಒಂದು ಪ್ರತಿಯೂ ಇಲ್ಲ. ನಮಗೂ ಸಕಾಲದಲ್ಲಿ ಒಬ್ಬ ಸೋಮಾರಿ ಗುಮಾಸ್ತ ಒದಗಲಿಲ್ಲ.

ನಮ್ಮ ಮನೆಯಲ್ಲೂ ಅಷ್ಟೆ. 1996ರ ಮಾರ್ಚ್ 9ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಭಾರತ ಪಾಕಿಸ್ತಾನದ ವಿಶ್ವಕಪ್ ಪಂದ್ಯ ನಡೆಯುತ್ತಿತ್ತು. ಚಿಕ್ಕಪ್ಪನಿಗೆ ರೆಕಾರ್ಡ್ ಮಾಡಲು ಖಾಲಿ ಕ್ಯಾಸೆಟ್ ಸಿಗಲಿಲ್ಲ. ತಮ್ಮದೇ ಮದುವೆಯ ಕ್ಯಾಸೆಟ್ ಸಿಕ್ಕಿತು. ಯಾರೂ ಅದರ ಮೇಲೆ ರೆಕಾರ್ಡ್ ಮಾಡದಿರಲಿ ಅಂತ ಬೆನ್ನಿನ ಪ್ಲಾಸ್ಟಿಕ್ ಹಲ್ಲನ್ನು ಮುರಿದಿಟ್ಟಿತ್ತು. ಚಿಕ್ಕಪ್ಪ ಆ ತೂತಿಗೆ ಸೆಲ್ಲೋಟೇಪ್ ಅಂಟಿಸಿ ತುರುಕಿದರು. ಈಗಲೂ ಅದನ್ನು ಹಾಕಿದರೆ ನಾಂದಿ, ವರಪೂಜೆ ಎಲ್ಲ ಬರುತ್ತದೆ. ಚಿಕ್ಕಮ್ಮ ತಲೆ ತಗ್ಗಿಸಿಕೊಂಡು ಮಂಟಪಕ್ಕೆ ಬರುತ್ತಾರೆ, ಪುರೋಹಿತರು ಅಂತರಪಟ ಹಿಡಿಯುತ್ತಾರೆ, ಗಟ್ಟಿಮೇಳ ಅನ್ನುತ್ತಾರೆ, ಅಂತರಪಟ ಸರಿಯುತ್ತದೆ, ಆ ಕಡೆಯಿಂದ ವಕಾರ್ ಯೂನಿಸ್ ಓಡಿ ಬರುತ್ತಾನೆ. ಅಜಯ್ ಜಡೇಜಾ ಅವನನ್ನು ಚಚ್ಚಿ ಹಾಕುತ್ತಾನೆ. ಭಾರತದ ಇನಿಂಗ್ಸ್ ಮುಗಿದಾಗ ಚಿಕ್ಕಪ್ಪ ಬಟನ್ ಒತ್ತಿ ನಿಲ್ಲಿಸಿದ್ದಾರೆ. ಗರ್ ಅಂತ ಎರಡು ಗೆರೆ ಹಾಯ್ದು, ಸೀದಾ ಊಟದ ಪಂಕ್ತಿ. ನಮ್ಮಜ್ಜಿ, ತೀರಿಹೋಗಿ ಇಪ್ಪತ್ತು ವರ್ಷವಾಯಿತು, ಎಲೆಯ ಮುಂದೆ ಕೂತು ಕ್ಯಾಮೆರಾದವನಿಗೆ ಕೈ ಅಡ್ಡ ಹಿಡಿದು, “ಸಾಕು ಹೋಗಪ್ಪ, ತಿನ್ನೋದನ್ನ ಏನು ತೆಗೀತೀಯ, ವೇಸ್ಟು” ಅನ್ನುತ್ತಿದ್ದಾರೆ.