ಟೆಸ್ಟೇ ಮಾಡದ ಮೇಲೆ ಸೇಫ್ ಹೇಗಾಯ್ತು?

ಈಗಷ್ಟೇ ಒಬ್ಬರು ಲ್ಯಾಬ್ ರಿಪೋರ್ಟಿನ ಫೋಟೋ ಹಾಕಿ, "ಎಸ್‌ಟಿಪಿ ಸ್ಲಡ್ಜ್ ಪೂರ್ತಿ ಸೇಫ್, ಧೈರ್ಯವಾಗಿ ಹೊಲಕ್ಕೆ ಹಾಕಿ" ಅಂತ ಬರೆದಿದ್ದು ನೋಡಿದೆ. ಎಸ್‌ಟಿಪಿ ಅಂದ್ರೆ ಚರಂಡಿ ನೀರು ಶುದ್ಧ ಮಾಡುವ ಘಟಕ, ಸ್ಲಡ್ಜ್ ಅಂದ್ರೆ ಅಲ್ಲಿ ಉಳಿಯುವ ಕೆಸರು. ಕೆಳಗೆ ಚಪ್ಪಾಳೆಯೋ ಚಪ್ಪಾಳೆ. ಫೋಟೋ ದೊಡ್ಡದು ಮಾಡಿ ಓದಿದೆ. ಸಾರಜನಕ, ರಂಜಕ, ಕ್ಯಾಡ್ಮಿಯಂ, ಸೀಸ, ಪಾದರಸ, ನಿಕ್ಕಲ್, ಸತು, ಕೊನೆಯಲ್ಲಿ ಇ-ಕೋಲಿ. ಎಲ್ಲದರ ಮುಂದೆಯೂ "ಮಿತಿಯೊಳಗಿದೆ". ಅಲ್ಲಿಗೆ ಪುಟ ಮುಗಿಯಿತು.

ಮತ್ತೆ ನೀರು, ಜಿಡ್ಡು ಅಂಟದಿರಲಿ ಅಂತ ಬಳಸುವ ಪಿಎಫ್‌ಎಎಸ್ ರಾಸಾಯನಿಕಗಳು? ಸೋಪಿಗೆ ಬೆರೆಸುತ್ತಿದ್ದ ರೋಗಾಣುನಾಶಕ ಟ್ರೈಕ್ಲೋಸಾನ್? ಪ್ಲಾಸ್ಟಿಕ್ ಮೆತ್ತಗಿರಲಿ ಅಂತ ಬೆರೆಸುವ ಥ್ಯಾಲೇಟ್? ನಾವು ನುಂಗಿದ ಮಾತ್ರೆಗಳ ಉಳಿಕೆ? ಒಂದರ ಹೆಸರೂ ಇಲ್ಲ. ಬಿಪಿ ಚೆಕ್ ಮಾಡಿಸಿಕೊಂಡು ಬಂದು "ನನಗೆ ಶುಗರ್ ಇಲ್ಲ" ಅಂದ ಹಾಗಾಯ್ತು. ಇದನ್ನೇ ಕಾಮೆಂಟಿನಲ್ಲಿ ಕೇಳಿದರೆ "ಮೇಡಂ, ಎಲ್ಲದಕ್ಕೂ ನೆಗೆಟಿವ್ ಮಾತಾಡಬೇಡಿ" ಅಂತ ಉತ್ತರ. ಸರಿಯಪ್ಪ.

ನನ್ನ ಕೆಮಿಸ್ಟ್ರಿ ಹುಚ್ಚು ಗೊತ್ತಿದ್ದವರು ಇಷ್ಟೊತ್ತಿಗೆ ಓಡಿಹೋಗಿರುತ್ತೀರಿ. ಉಳಿದವರು ಕೇಳಿ. ಎಸ್‌ಟಿಪಿ ಕಟ್ಟುವುದು ನೀರು ತಿಳಿಯಾಗಲಿ ಅಂತ. ನೀರಿನಲ್ಲಿ ಕರಗಲು ಒಲ್ಲದ, ಜಿಡ್ಡನ್ನು ಕಂಡರೆ ಅಂಟಿಕೊಳ್ಳುವ ರಾಸಾಯನಿಕಗಳು ಕೆಸರಿನ ಕಣಗಳಿಗೆ ಮೆತ್ತಿಕೊಂಡು ತಳಕ್ಕೆ ಇಳಿಯುತ್ತವೆ. ನೀರಿನಿಂದ ಹೋಯಿತು ನಿಜ, ಹೋಗಿದ್ದು ಸ್ಲಡ್ಜ್‌ಗೆ. ಇನ್ನೂ ತಮಾಷೆ ಅಂದ್ರೆ, ಕೆಲವು ಕ್ಲೀನಿಂಗ್ ದ್ರವಗಳಲ್ಲಿರುವ ನೋನಿಲ್‌ಫಿನಾಲ್ ಇಥಾಕ್ಸಿಲೇಟ್ ಅಲ್ಲಿನ ಬ್ಯಾಕ್ಟೀರಿಯಾ ಕೈಗೆ ಸಿಕ್ಕಿ ಅರ್ಧಂಬರ್ಧ ಒಡೆದು ನೋನಿಲ್‌ಫಿನಾಲ್ ಆಗುತ್ತದೆ. ಅದು ಮೂಲ ವಸ್ತುವಿಗಿಂತ ಹಟಮಾರಿ. ಮೀನುಗಳ ಮೈಯಲ್ಲಿ ಹೆಣ್ಣು ಹಾರ್ಮೋನಿನ ವೇಷ ಹಾಕುತ್ತದೆ. ಶುದ್ಧೀಕರಣ ಅಂದ್ರೆ ಇದೇ ಅಲ್ವಾ?

ರಿಪೋರ್ಟ್ ಕೊಟ್ಟ ಲ್ಯಾಬಿನದೇ ತಪ್ಪು ಅನ್ನುತ್ತಿಲ್ಲ. ನಿಯಮಗಳೇ ಹಾಗಿವೆ. ಯುರೋಪಿನ 1986ರ ಸ್ಲಡ್ಜ್ ನಿರ್ದೇಶನ ಮಿತಿ ಹಾಕಿದ್ದು ಆರು ಲೋಹಗಳಿಗೆ, ಇಂಥ ರಾಸಾಯನಿಕ ಒಂದಕ್ಕೂ ಇಲ್ಲ. ಜರ್ಮನಿ, ಡೆನ್ಮಾರ್ಕ್‌ನಂಥವರು ಕೆಲವಕ್ಕೆ ತಾವೇ ಮಿತಿ ಹಾಕಿಕೊಂಡರು. ಅಮೆರಿಕದ 1993ರ ನಿಯಮವೂ ಲೋಹ, ರೋಗಾಣು ಅಂತಲೇ ನಿಂತಿತು. ಅಲ್ಲಿನ ಪರಿಸರ ಸಂಸ್ಥೆ ಇಪಿಎಯದೇ ತನಿಖಾ ವಿಭಾಗ 2018ರಲ್ಲಿ ಹೇಳಿದ್ದು: ಸ್ಲಡ್ಜ್‌ನಲ್ಲಿ ಸಿಕ್ಕ 352 ಮಾಲಿನ್ಯಕಾರಕಗಳ ಮೇಲೆ ನಿಯಂತ್ರಣವಿಲ್ಲ, ಅವು ಸುರಕ್ಷಿತವೋ ಅಲ್ಲವೋ ಅಂತ ಹೇಳುವಷ್ಟು ಮಾಹಿತಿಯೂ ಇಲ್ಲ. ನಮ್ಮ ಫೇಸ್‌ಬುಕ್ ಪಂಡಿತರಿಗೆ ಮಾತ್ರ ಎಲ್ಲಾ ಗೊತ್ತು.

"ಇರೋದೇ ಚೂರು, ಅದಕ್ಯಾಕೆ ಇಷ್ಟು ಗಲಾಟೆ?" ಅಂತೀರಿ. ಒಪ್ಪಿದೆ, ಸೋಪಿನ ಪುಡಿಯಲ್ಲಿ ಕೊಳೆ ತೆಗೆಯುವ ಎಲ್‌ಎಎಸ್ ತರಹದವು ಗಾಳಿಯಾಡುವ ಮಣ್ಣಿನಲ್ಲಿ ಕೆಲವು ವಾರಗಳಲ್ಲೇ ಕೊಳೆತು ಹೋಗುತ್ತವೆ. ಪಿಎಫ್‌ಎಎಸ್ ಕೊಳೆಯಲ್ಲ ಸ್ವಾಮಿ! ಪ್ರತಿ ಸಲ ಹಾಕಿದಾಗಲೂ ಹಳೆಯದರ ಮೇಲೆ ಹೊಸದು ಕೂರುತ್ತದೆ. ಅಂತರ್ಜಲಕ್ಕೆ ಇಳಿಯುತ್ತದೆ, ಮೇವಿಗೆ ಹತ್ತುತ್ತದೆ, ಹಾಲಿಗೆ ಬರುತ್ತದೆ. ಅಮೆರಿಕದ ಮೇನ್ ರಾಜ್ಯದಲ್ಲಿ ಆಗಿದ್ದು ಇದೇ. ದಶಕಗಳ ಹಿಂದೆ ಸುರಿದ ಸ್ಲಡ್ಜ್‌ಗೆ ಈಗ ಡೈರಿಗಳು ಬಾಗಿಲು ಹಾಕಿದವು. 2022ರಲ್ಲಿ ಆ ರಾಜ್ಯ ಹೊಲಕ್ಕೆ ಸ್ಲಡ್ಜ್ ಹಾಕುವುದನ್ನೇ ನಿಷೇಧಿಸಿತು. ಹಾಕಿದ ರೈತರಿಗೆ ಆಗ ಯಾರೂ ಏನೂ ಹೇಳಿರಲಿಲ್ಲ. ಅವರ ಕೈಗೂ ಇಂಥದ್ದೇ "ಮಿತಿಯೊಳಗಿದೆ" ಕಾಗದ ಕೊಟ್ಟಿರಬೇಕು ಅಂತ ನನ್ನ ಗುಮಾನಿ.

ನಿಜ ಹೇಳಲಾ? ನನಗೆ ಸ್ಲಡ್ಜ್ ಗೊಬ್ಬರ ಅಂದ್ರೆ ಇಷ್ಟ. ಗಣಿಯ ರಂಜಕ ಅಗೆದಷ್ಟೂ ಖಾಲಿಯಾಗುತ್ತದೆ, ನಾವು ಅದನ್ನೇ ದಿನಾ ಫ್ಲಶ್ ಮಾಡುತ್ತೇವೆ. ಆ ರಂಜಕ ಮಣ್ಣಿಗೆ ವಾಪಸ್ ಹೋಗಲಿ ಅನ್ನುವ ಆಸೆ ನನಗೂ ಇದೆ. ಅದಕ್ಕೇ ಹೊಟ್ಟೆ ಉರಿಯೋದು. ಒಳ್ಳೆಯ ಕೆಲಸವನ್ನು ಇಂಥ ಅರ್ಧ ರಿಪೋರ್ಟ್ ತೋರಿಸಿ ಕೆಡಿಸುತ್ತಾರೆ.

"ಹಾಗಾದ್ರೆ ಏನ್ಮಾಡೋದು?" ಅನ್ನುವವರು ಅಮೆರಿಕದ ಮಿಶಿಗನ್ ರಾಜ್ಯ ನೋಡಿ. 2018ರಿಂದ ಅಲ್ಲಿ ಚರಂಡಿಯ ಜಾಡು ಹಿಡಿದು, ಪಿಎಫ್‌ಎಎಸ್ ಬಿಡುತ್ತಿದ್ದ ಕ್ರೋಮ್ ಪ್ಲೇಟಿಂಗ್ ಕಾರ್ಖಾನೆಗಳಂಥವನ್ನು ಪತ್ತೆ ಮಾಡಿದರು. ಚರಂಡಿಗೆ ಬಿಡುವ ಮೊದಲೇ ಆ ನೀರನ್ನು ಇದ್ದಿಲ ಫಿಲ್ಟರಿನಲ್ಲಿ ಹಾಯಿಸಿ ಅಂತ ಪಟ್ಟು ಹಿಡಿದರು. ಆ ಎಸ್‌ಟಿಪಿಗಳಲ್ಲಿ ಪಿಎಫ್‌ಒಎಸ್ (ಪಿಎಫ್‌ಎಎಸ್ ಗುಂಪಿನದೇ ಒಂದು) ಮಟ್ಟ ಚೆನ್ನಾಗಿಯೇ ಇಳಿಯಿತು.