ಬಾಡಿಗೆ ಕಾರಿನ ಬಾಬತ್ತು

“ಇವರೇ, ಕಾರು ಸಿಕ್ಕಿಬಿಟ್ಟಿತು. ನಂಬಲಾರದಷ್ಟು ಅಗ್ಗ” ಎಂದು ನನ್ನ ಷಡ್ಡಕರು ಫೋನ್ ಮಾಡಿದಾಗ ರಾತ್ರಿ ಹನ್ನೊಂದು ದಾಟಿತ್ತು. ನಂಬಲಾರದಷ್ಟು ಅಗ್ಗವಾದದ್ದನ್ನು ನಂಬಬಾರದು ಎನ್ನುವಷ್ಟು ವಿವೇಕ ನನಗಿದೆ. ಆದರೆ ಷಡ್ಡಕರ ಮುಂದೆ ಪ್ರದರ್ಶಿಸಿದ ವಿವೇಕ ಮರುದಿನ ಅಕ್ಕತಂಗಿಯರ ಮಾತುಕತೆಯಲ್ಲಿ ಸುತ್ತಾಡಿ, ಬೇರೆಯೇ ರೂಪ ತಾಳಿ, ನನ್ನೆದುರಿಗೇ ಬಂದು ನಿಲ್ಲುತ್ತದೆ. “ಭೇಷ್” ಎಂದಷ್ಟೇ ಹೇಳಿ ಮಲಗಿದೆ. ಕಣ್ಣು ಹತ್ತುವ ಹೊತ್ತಿಗೆ ಮತ್ತೆ ಫೋನ್. “ಅದನ್ನು ರದ್ದು ಮಾಡಿದೆ. ಇನ್ನೊಂದು ಸಿಕ್ಕಿದೆ, ಅದಕ್ಕಿಂತಲೂ ಅಗ್ಗ!”

ಮುಂಗಡ ಕೇಳದ, ಬೇಡವೆಂದಾಗ ಬಿಡಬಹುದಾದ ಬುಕಿಂಗ್ ಒಂದನ್ನು ಮೊದಲೇ ಮಾಡಿಟ್ಟುಕೊಂಡು, ಆಮೇಲೆ ಬೆಲೆ ಇಳಿದಾಗಲೆಲ್ಲ ಹಳೆಯದನ್ನು ಬಿಟ್ಟು ಹೊಸದನ್ನು ಹಿಡಿಯುವುದು ಬಾಡಿಗೆ ಕಾರು ಹುಡುಕುವವರಿಗೆಲ್ಲ ಗೊತ್ತಿರುವ ಉಪಾಯ. ಕೆಲಸಕ್ಕೂ ಬರುತ್ತದೆ. ಆ ಊರಿನಲ್ಲಿ ಆ ದಿನ ಎಷ್ಟು ಕಾರು ಉಳಿದಿವೆ, ಎಷ್ಟು ಜನ ಕೇಳುತ್ತಿದ್ದಾರೆ ಎಂಬುದರ ಮೇಲೆ ಬೆಲೆ ಏರಿಳಿಯುತ್ತದೆ. ನನ್ನ ತಕರಾರು ಉಪಾಯದ ಮೇಲಲ್ಲ, ಅದರ ಪ್ರತಿ ಹೆಜ್ಜೆಯನ್ನೂ ನನಗೆ ವರದಿ ಮಾಡುವುದರ ಮೇಲೆ. ಎರಡು ಸಂಸಾರ, ನಾಲ್ಕಾರು ನಗರ, ಒಂದು ಕಾರು ಎಂಬುದಷ್ಟೇ ಮೊದಲಿದ್ದ ಯೋಜನೆ. ಅದರಲ್ಲಿ ನಗರಗಳು ಹಿಂದೆ ಸರಿದು ಕಾರೊಂದೇ ಉಳಿಯಿತು.

ಷಡ್ಡಕರು ಆ ವ್ಯವಹಾರದ ಭಾಷೆಯನ್ನೂ ಕಲಿತುಬಿಟ್ಟರು. ಬಾಡಿಗೆ ಕಾರುಗಳಿಗೆ ಜಗತ್ತಿನಾದ್ಯಂತ ನಾಲ್ಕಕ್ಷರದ ಒಂದು ಸಂಕೇತವಿದೆ. ಮೊದಲ ಅಕ್ಷರ ಕಾರಿನ ದರ್ಜೆ, ಎರಡನೆಯದು ಅದರ ಆಕಾರ, ಮೂರನೆಯದು ಗೇರು ಕೈಯಿಂದಲೋ ತಾನೇ ತಾನಾಗಿಯೋ ಎಂಬುದು, ನಾಲ್ಕನೆಯದು ಇಂಧನ ಮತ್ತು ಹವಾನಿಯಂತ್ರಣ. “ನಮ್ಮದು ಇ-ಸಿ-ಎಂ-ಆರ್” ಎಂದು ಅವರು ಹೇಳುವಾಗ ಅದರಲ್ಲಿ ವಂಶದ ಹೆಮ್ಮೆಯಿತ್ತು. ಅಂದರೆ ಅಗ್ಗದ ದರ್ಜೆ, ಸಾಧಾರಣ ಬಾಗಿಲುಗಳು, ಕೈಗೇರು, ತಣ್ಣನೆಯ ಗಾಳಿ. ಪರದೆಯ ಮೇಲೆ ಕಾಣುವ ಕೆಂಪು ಕಾರೇ ಸಿಗುತ್ತದೆಂಬ ಭರವಸೆ ಇದರಲ್ಲಿ ಎಲ್ಲಿಯೂ ಇಲ್ಲ. ಚಿತ್ರ ಬರೀ ಚಿತ್ರ. ಆದರೆ ಮಕ್ಕಳಿಗೆ ಅದನ್ನು ಹೇಳುವ ಕೆಲಸವನ್ನು ನನಗೆ ಬಿಟ್ಟರು.

ನಗರದಿಂದ ನಗರಕ್ಕೆ ಹೋಗುವವರಿಗೆ ಸಹಜವಾಗಿ ತೋರುವುದು ಒಂದು ಕಡೆ ಕಾರು ಹತ್ತಿ ಇನ್ನೊಂದು ಕಡೆ ಇಳಿದುಬಿಡುವುದು. ಅದಕ್ಕೊಂದು ಶುಲ್ಕವಿದೆ. ಕೆಲವೊಮ್ಮೆ ಅದು ಬಾಡಿಗೆಯನ್ನೇ ಮೀರಿಸುತ್ತದೆ. ದೇಶದ ಗಡಿ ದಾಟಿ ಬಿಟ್ಟರಂತೂ ಕೇಳುವುದೇ ಬೇಡ. ಇದರಲ್ಲಿ ನ್ಯಾಯವಿದೆ ಎಂದು ಒಪ್ಪುತ್ತೇನೆ. ಬಿಟ್ಟು ಬಂದ ಕಾರು ಸಂಜೆಯಾದೊಡನೆ ತಾನಾಗಿ ಕೊಟ್ಟಿಗೆಗೆ ಮರಳುವ ಹಸುವಲ್ಲ, ಯಾರೋ ಒಬ್ಬರು ಹೋಗಿ ಓಡಿಸಿಕೊಂಡು ಬರಬೇಕು. ಷಡ್ಡಕರಿಗೆ ನ್ಯಾಯ ಬೇಕಾಗಿರಲಿಲ್ಲ. ನಾವು ನೇರವಾಗಿ ಎಳೆದಿದ್ದ ದಾರಿಯನ್ನು ಅವರು ಬಗ್ಗಿಸಿ ಬಗ್ಗಿಸಿ ವೃತ್ತ ಮಾಡಿದರು. ಹೊರಟಲ್ಲಿಗೇ ಮರಳುವುದಾದರೆ ಆ ಶುಲ್ಕವಿಲ್ಲವಲ್ಲ! ನೋಡಬೇಕೆಂದಿದ್ದ ಎರಡು ಊರುಗಳು ವೃತ್ತದ ಹೊರಗೆ ಉಳಿದವು, ಯಾರೂ ಹೆಸರು ಕೇಳಿರದ ಒಂದು ಊರು ಒಳಗೆ ಬಂತು. ಇದಕ್ಕೆ ತಿರುವುಮುರುವಾದ ಸೌಲಭ್ಯವೂ ಉಂಟು. ಯಾವುದಾದರೂ ಊರಿನಲ್ಲಿ ಕಾರುಗಳು ಹೆಚ್ಚಾಗಿ ಗುಡ್ಡೆಬಿದ್ದಾಗ, ಅವನ್ನು ಮೂಲಸ್ಥಾನಕ್ಕೆ ಓಡಿಸಿಕೊಂಡು ಹೋಗುವವರಿಗೆ ಕಂಪನಿಗಳು ಹೆಚ್ಚುಕಡಿಮೆ ಪುಕ್ಕಟೆಯಾಗಿ ಕೊಡುತ್ತವೆ. ದಿನ ಅವರದು, ದಾರಿ ಅವರದು, ಗಡುವು ಅವರದು. “ಊರು ಯಾವುದಾದರೇನು, ಹೊರಟರಾಯಿತು” ಎಂದು ಷಡ್ಡಕರು ಅತ್ತ ವಾಲಿದ್ದನ್ನು ಕಂಡು ನನ್ನ ಹೆಂಡತಿಯೇ ಮಧ್ಯೆ ಬಂದು ತಡೆದಳು.

ಬಾಡಿಗೆಯ ಗಣಿತವನ್ನು ಯಾರು ಬರೆದರೋ, ಅವರನ್ನು ಒಮ್ಮೆ ಕಾಣಬೇಕು. ಐದು ದಿನದ ಬಾಡಿಗೆ ಎಷ್ಟೋ ಸಲ ಒಂದು ವಾರದ ಬಾಡಿಗೆಗಿಂತ ಹೆಚ್ಚು. ವಾರಕ್ಕೆಂದು ತೆಗೆದುಕೊಂಡು ಐದನೆಯ ದಿನವೇ ಹಿಂದಿರುಗಿಸಿದರೆ, ‘ಎರಡು ದಿನ ಉಳಿಸಿಕೊಟ್ಟಿರಿ’ ಎಂದು ಸಂತೋಷಪಡುವ ಬದಲು ವಾರದ ದರವನ್ನು ಕಿತ್ತುಹಾಕಿ ದಿನದ ದರದಲ್ಲಿ ಮತ್ತೆ ಲೆಕ್ಕ ಹಾಕುವವರಿದ್ದಾರೆ. ಕಡಿಮೆ ಬಳಸಿದ್ದಕ್ಕೆ ದಂಡ! ಇನ್ನು ದಿನವೆಂದರೆ ಸೂರ್ಯೋದಯದಿಂದಲ್ಲ, ಕೀಲಿಕೈ ಪಡೆದ ಗಳಿಗೆಯಿಂದ ಇಪ್ಪತ್ತನಾಲ್ಕು ಗಂಟೆ. ಬೆಳಿಗ್ಗೆ ಹತ್ತಕ್ಕೆ ತೆಗೆದುಕೊಂಡವರು ಕೊನೆಯ ದಿನ ಮಧ್ಯಾಹ್ನ ಹನ್ನೆರಡಕ್ಕೆ ತಂದುಕೊಟ್ಟರೆ ಇನ್ನೊಂದು ಪೂರ್ತಿ ದಿನದ ಬಾಡಿಗೆ ತೆತ್ತಾರು. ವಿಮಾನ ನಿಲ್ದಾಣದ ಕೌಂಟರಿಗಿಂತ ಪಟ್ಟಣದೊಳಗಿನ ಶಾಖೆ ಅಗ್ಗ, ಏಕೆಂದರೆ ನಿಲ್ದಾಣದವರು ತಮ್ಮ ಪಾಲನ್ನೂ ಬಿಲ್ಲಿಗೆ ಸೇರಿಸಿರುತ್ತಾರೆ. ಆದರೆ ಪಟ್ಟಣದ ಶಾಖೆ ಭಾನುವಾರ ಮುಚ್ಚಿರುತ್ತದೆ, ಪ್ರವಾಸ ಮುಗಿಯುವುದು ಭಾನುವಾರವೇ.

ನಾನು ಒಂದೇ ಒಂದು ಸಲಹೆ ಕೊಟ್ಟೆ. ದೊಡ್ಡ ನಗರಗಳ ನಡುವೆ ರೈಲಿನಲ್ಲಿ ಹೋಗೋಣ, ನಡುವಿನ ಬೆಟ್ಟಗುಡ್ಡಗಳ ಭಾಗಕ್ಕೆ ಮಾತ್ರ ಕಾರು ತೆಗೆದುಕೊಳ್ಳೋಣ, ನಗರದೊಳಗೆ ಕಾರು ಬರೀ ನಿಂತಿರುತ್ತದೆ, ನಿಂತದ್ದಕ್ಕೂ ಬಾಡಿಗೆ, ನಿಲ್ಲಿಸಿದ್ದಕ್ಕೂ ಬಾಡಿಗೆ ಎಂದೆ. ಷಡ್ಡಕರು ಬಹಳ ಹೊತ್ತು ಸುಮ್ಮನಿದ್ದು, “ಹಾಗಾದರೆ ನಾನು ಇಷ್ಟು ದಿನ ಹುಡುಕಿದ್ದು?” ಎಂದರು. ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ.

ಈ ದಂಧೆ ಹುಟ್ಟಿದಾಗ ಇಷ್ಟು ಗೋಜಲಿರಲಿಲ್ಲ. 1916ರಲ್ಲಿ ಅಮೆರಿಕದ ಒಮಾಹಾದಲ್ಲಿ ಜೋ ಸಾಂಡರ್ಸ್ ಎಂಬಾತ ತನ್ನ ಫೋರ್ಡ್ ಮಾಡೆಲ್ ಟಿ ಕಾರಿನ ಮುಂದಿನ ಚಕ್ರಕ್ಕೆ ದೂರ ಅಳೆಯುವ ಮೀಟರೊಂದನ್ನು ಕಟ್ಟಿ, ಮೈಲಿಗೆ ಹತ್ತು ಸೆಂಟಿನಂತೆ ಬಾಡಿಗೆಗೆ ಬಿಟ್ಟ. ಎಷ್ಟು ಓಡಿತೋ ಅಷ್ಟಕ್ಕೆ ದುಡ್ಡು. ಮುಗಿಯಿತು. ಎರಡು ವರ್ಷದ ಬಳಿಕ ಷಿಕಾಗೋದಲ್ಲಿ ವಾಲ್ಟರ್ ಜೇಕಬ್ಸ್ ಹನ್ನೆರಡು ಹಳೆಯ ಮಾಡೆಲ್ ಟಿಗಳನ್ನು ತಾನೇ ರಿಪೇರಿ ಮಾಡಿ, ಬಣ್ಣ ಬಳಿದು ಬಾಡಿಗೆಗೆ ನಿಲ್ಲಿಸಿದ. ಆತನ ಉದ್ಯಮವನ್ನು 1923ರಲ್ಲಿ ಕೊಂಡವನು ಜಾನ್ ಹರ್ಟ್ಜ್. ವಿಮಾನ ಇಳಿದವರಿಗೆ ಅಲ್ಲಿಯೇ ಕಾರು ಸಿಗಲಿ ಎಂದು ವಾರೆನ್ ಏವಿಸ್ 1946ರಲ್ಲಿ ವಿಮಾನ ನಿಲ್ದಾಣಕ್ಕೇ ಹೋಗಿ ಕುಳಿತ. ಚಕ್ರಕ್ಕೆ ಕಟ್ಟಿದ ಮೀಟರಿನಿಂದ ಹೊರಟ ಲೆಕ್ಕಾಚಾರ ಆಮೇಲೆ ಯಾವ ಘಟ್ಟದಲ್ಲಿ ‘ಎರಡನೆಯ ಚಾಲಕರ ಶುಲ್ಕ’, ‘ಇಪ್ಪತ್ತೈದು ವರ್ಷದೊಳಗಿನವರ ಶುಲ್ಕ’, ‘ಮಗುವಿನ ಆಸನದ ಶುಲ್ಕ’ಗಳಾಗಿ ಕವಲೊಡೆಯಿತೋ!

ಕೌಂಟರಿನಲ್ಲಿದ್ದ ಯುವಕ ತುಂಬ ಸಭ್ಯ. ಷಡ್ಡಕರ ಕ್ರೆಡಿಟ್ ಕಾರ್ಡಿನಲ್ಲಿ ದೊಡ್ಡದೊಂದು ಮೊತ್ತವನ್ನು ಠೇವಣಿಯಾಗಿ ತಡೆಹಿಡಿಯುವುದಾಗಿ ಹೇಳಿದ. ಆಮೇಲೆ ವಿಮೆಯ ಮಾತು ತೆಗೆದ. ವಿಮೆ ಬಾಡಿಗೆಯಲ್ಲೇ ಸೇರಿದೆ, ಆದರೆ ಅಪಘಾತವಾದರೆ ಮೊದಲ ಇಷ್ಟು ಮೊತ್ತ ನಿಮ್ಮದೇ ಹೊಣೆ. ಆ ಹೊಣೆಯನ್ನೂ ತೆಗೆಯಬೇಕೆಂದರೆ ದಿನಕ್ಕೆ ಇನ್ನಷ್ಟು ಕೊಡಿ. ಟಯರು, ಗಾಜು, ಕಾರಿನ ತಳಭಾಗ, ಮೇಲ್ಛಾವಣಿ ಇವು ಯಾವುವೂ ಮೂಲ ವಿಮೆಯಲ್ಲಿ ಬರುವುದಿಲ್ಲ. ಕಲ್ಲುಮಣ್ಣಿನ ದಾರಿಯಲ್ಲಿ ಕಾರಿಗೆ ನಿಜವಾಗಿ ಪೆಟ್ಟು ಬೀಳುವ ಜಾಗಗಳನ್ನೆಲ್ಲ ಬಿಟ್ಟು ಉಳಿದದ್ದಕ್ಕೆ ವಿಮೆ ಮಾಡಿಸಿರುವ ಆ ಜಾಣತನಕ್ಕೆ ನಾನು ಮನಸ್ಸಿನಲ್ಲೇ ಕೈಮುಗಿದೆ. ಷಡ್ಡಕರು ಮಾತ್ರ ಗೆಲುವಿನ ನಗೆ ನಕ್ಕರು. ಕಟ್ಟಬೇಕಾಗಿ ಬಂದ ಮೊತ್ತವನ್ನು ಆಮೇಲೆ ತುಂಬಿಕೊಡುವ ವಿಮೆಯನ್ನು ಅವರು ಬೇರೊಂದು ಕಡೆ ಮೊದಲೇ ಅಗ್ಗವಾಗಿ ಮಾಡಿಸಿಟ್ಟಿದ್ದರು. ಯುವಕನ ಮುಖ ಮೊದಲ ಬಾರಿಗೆ ಸ್ವಲ್ಪ ಬಾಡಿತು.

ಹೊರಗೆ ಕಾರಿನ ಸುತ್ತ ಪ್ರದಕ್ಷಿಣೆ ಶುರುವಾಯಿತು. ಕಾಗದದ ಮೇಲೆ ಕಾರಿನ ರೇಖಾಚಿತ್ರ, ನಾಲ್ಕೂ ಮಗ್ಗುಲಿಂದ. ಎಲ್ಲಿ ಗೀರಿದೆಯೋ ಅಲ್ಲೊಂದು ಕಾಟು ಗುರುತು. ಕಂಪನಿಯವನು ಗುರುತು ಮಾಡಿದ್ದು ಬಾಗಿಲಿನ ಮೇಲಿನ ದೊಡ್ಡ ನೆಗ್ಗೊಂದನ್ನು. ಷಡ್ಡಕರು ನೆಲಕ್ಕೆ ಮಂಡಿಯೂರಿ, ಮೊಬೈಲಿನ ದೀಪ ಹಾಕಿ, ಬಂಪರಿನ ಕೆಳಗಿನ ಕೂದಲೆಳೆಯಂಥ ಗೀರುಗಳನ್ನೂ, ಚಕ್ರದ ಅಂಚಿನ ಸವೆತವನ್ನೂ ಹುಡುಕಿ ತೆಗೆದರು. ವಿಡಿಯೊ ಮಾಡುತ್ತಾ ದಿನಾಂಕ, ಗಂಟೆ, ನಿಮಿಷಗಳನ್ನು ಗಟ್ಟಿಯಾಗಿ ಹೇಳಿದರು. ಡಿಕ್ಕಿ ತೆರೆದು ಸ್ಟೆಪ್ನಿ ಇದೆಯೇ ಎಂದು ನೋಡಿದರು. ಇರಲಿಲ್ಲ, ಅದರ ಜಾಗದಲ್ಲಿ ಪಂಕ್ಚರ್ ತುಂಬುವ ಬಾಟಲಿಯಿತ್ತು. ಅದರ ಚಿತ್ರವನ್ನೂ ತೆಗೆದುಕೊಂಡರು. ಕೊನೆಗೆ ಆ ರೇಖಾಚಿತ್ರದಲ್ಲಿ ಕಾಟು ಬೀಳದ ಜಾಗವೇ ಉಳಿಯಲಿಲ್ಲ. ಇನ್ನು ನಾವು ಕಾರನ್ನು ಏನು ಮಾಡಿದರೂ ಅದು ಹಳೆಯ ಗೀರೇ ಆಗುತ್ತಿತ್ತು.

ಕಾರಿನಲ್ಲಿ ಪೆಟ್ರೋಲ್ ತುಂಬಿ ಕೊಡುತ್ತಾರೆ, ತುಂಬಿಯೇ ಹಿಂದಿರುಗಿಸಬೇಕು. ಇಲ್ಲವೇ ಪೂರ್ತಿ ಟ್ಯಾಂಕಿನ ದುಡ್ಡನ್ನು ಮೊದಲೇ ಕೊಟ್ಟು ಖಾಲಿ ತಂದುಕೊಡಬಹುದು. ಉಳಿದ ಪೆಟ್ರೋಲಿಗೆ ದುಡ್ಡು ವಾಪಸ್ಸಿಲ್ಲವಾದ್ದರಿಂದ, ಈ ಎರಡನೆಯ ಬಗೆ ಮೊದಲಿನದಕ್ಕಿಂತ ದುಬಾರಿ ಎಂಬುದನ್ನು ತಿಳಿಯಲು ಷಡ್ಡಕರು ಬೇಕಿಲ್ಲ. ಹಾಗಾಗಿ ಕೊನೆಯ ದಿನ, ಮಳೆಯಲ್ಲಿ, ನಿಲ್ದಾಣದ ಹತ್ತಿರ ಪೆಟ್ರೋಲ್ ಬಂಕ್ ಹುಡುಕುವ ಕೆಲಸ ಬಂತು. ಸಿಕ್ಕಿತು. ಆಗ ಎದ್ದ ಪ್ರಶ್ನೆ: ಟ್ಯಾಂಕಿನ ಮುಚ್ಚಳ ಯಾವ ಕಡೆ?

ಸ್ವಂತ ಕಾರಿನವರಿಗೆ ಈ ಪ್ರಶ್ನೆಯೇ ಬರುವುದಿಲ್ಲ. ಬಾಡಿಗೆಯವರಿಗೆ ಪ್ರತಿ ಕಾರೂ ಹೊಸ ಒಗಟು. ಷಡ್ಡಕರು, “ಡ್ಯಾಶ್‌ಬೋರ್ಡಿನ ಪೆಟ್ರೋಲ್ ಪಂಪಿನ ಚಿತ್ರ ನೋಡಿ, ಪೈಪು ಯಾವ ಕಡೆಗಿದೆಯೋ ಮುಚ್ಚಳವೂ ಅದೇ ಕಡೆ” ಎಂದರು. ಇದು ಶುದ್ಧ ಸುಳ್ಳು. ಬಹಳ ಜನ ನಂಬಿರುವ ಸುಳ್ಳು. ಕೆಲವು ಕಾರುಗಳಲ್ಲಿ ಕಾಕತಾಳೀಯವಾಗಿ ಹೊಂದುತ್ತದೆ, ಎಷ್ಟೋ ಕಾರುಗಳಲ್ಲಿ ಹೊಂದುವುದಿಲ್ಲ. ನೋಡಬೇಕಾದದ್ದು ಆ ಚಿತ್ರದ ಪಕ್ಕದಲ್ಲಿರುವ, ಎಳ್ಳಿನ ಗಾತ್ರದ ಒಂದು ತ್ರಿಕೋನವನ್ನು. ಆ ಬಾಣದ ಮೊನೆ ಯಾವ ಕಡೆಗಿದೆಯೋ ಮುಚ್ಚಳ ಆ ಕಡೆ. ನಮ್ಮದು ಬಲಕ್ಕೆ ತೋರಿಸುತ್ತಿತ್ತು, ಪೈಪು ಎಡಕ್ಕೆ. ನಾನು ಬಾಣದ ಪಕ್ಷ, ಅವರು ಪೈಪಿನ ಪಕ್ಷ, ಸ್ಟಿಯರಿಂಗ್ ಅವರ ಕೈಯಲ್ಲಿತ್ತು.

ಆ ಬಾಣಕ್ಕೊಬ್ಬ ತಂದೆಯಿದ್ದಾನೆ, ಜಿಮ್ ಮೊಯ್ಲನ್. ಫೋರ್ಡ್ ಕಂಪನಿಯಲ್ಲಿ ಎಂಜಿನಿಯರಾಗಿದ್ದವನು. 1986ರಲ್ಲಿ ಒಂದು ದಿನ ಕಂಪನಿಯ ಕಾರೊಂದನ್ನು ತೆಗೆದುಕೊಂಡು ಸಭೆಗೆ ಹೊರಟಿದ್ದ. ಗಮನಿಸಿ, ತನ್ನದಲ್ಲದ ಕಾರು. ಮಳೆ. ಟ್ಯಾಂಕು ತುಂಬಿಸಲು ಬಂಕಿಗೆ ಹೋದರೆ ನಿಲ್ಲಿಸಿದ್ದು ತಪ್ಪು ಮಗ್ಗುಲಿಗೆ. ಪಾಪ, ತೊಯ್ದ. ಯಾರೂ ತೊಯ್ದಾರು. ತೊಯ್ದ ಉಳಿದವರೆಲ್ಲ ಮನೆಗೆ ಹೋಗಿ ಗೊಣಗಿ ತಲೆ ಒರೆಸಿಕೊಂಡರೆ ಈತ ಕಚೇರಿಗೆ ಮರಳಿ, ಕೋಟು ಕಳಚುವ ಮೊದಲೇ ಕುಳಿತು ಮೇಲಧಿಕಾರಿಗಳಿಗೆ ಒಂದು ಟಿಪ್ಪಣಿ ಬರೆದ. ಪೆಟ್ರೋಲ್ ಮಾಪಕದ ಪಕ್ಕದಲ್ಲಿ ಮುಚ್ಚಳ ಯಾವ ಕಡೆಯೆಂದು ತೋರಿಸುವ ಗುರುತೊಂದಿರಲಿ ಎಂದು ಅದರ ಸಾರಾಂಶ. ಅಧಿಕಾರಿಗಳು ಒಪ್ಪಿದರು, ಈ ಕಥೆಯಲ್ಲಿ ಅತ್ಯಂತ ನಂಬಲಾಗದ ಭಾಗ ಇದೇ. 1989ರ ಮಾದರಿಯ ಫೋರ್ಡ್ ಎಸ್ಕಾರ್ಟ್, ಮರ್ಕ್ಯುರಿ ಟ್ರೇಸರ್ ಕಾರುಗಳಲ್ಲಿ ಬಾಣ ಬಂತು. ಬೇರೆ ಕಂಪನಿಗಳು ನೋಡಿದವು, ತಾವೂ ಹಾಕಿಕೊಂಡವು. ಈಗ ಲೋಕದ ಕೋಟ್ಯಂತರ ಕಾರುಗಳಲ್ಲಿ ಅದಿದೆ. ಆತನ ಹೆಸರು ಹೊರಗಿನವರಿಗೆ ತಿಳಿದದ್ದು ದಶಕಗಳ ನಂತರ.

ನನಗೆ ಆ ಮನುಷ್ಯನ ಮೇಲೆ ಅಪಾರ ಪ್ರೀತಿ. ಬಾಡಿಗೆ ಕಾರಿನ ವ್ಯವಹಾರದಲ್ಲಿ ಮೇಧಾವಿಗಳು ಸೇರಿ ಇಷ್ಟೆಲ್ಲ ಶುಲ್ಕಗಳನ್ನು ಕಂಡುಹಿಡಿದರು. ಗಿರಾಕಿಯ ಬಳಿ ಚಿಕ್ಕಾಸೂ ಕೇಳದೆ ಉಪಕಾರ ಮಾಡುವ ಒಂದೇ ಒಂದು ವಸ್ತುವನ್ನು ಕೊಟ್ಟವನು ಮಳೆಯಲ್ಲಿ ತೊಯ್ದ ಒಬ್ಬ ನೌಕರ. ಇವತ್ತಾಗಿದ್ದರೆ ಆ ಬಾಣಕ್ಕೂ ದಿನಬಾಡಿಗೆ ಇಡುತ್ತಿದ್ದರು. ‘ದಿಕ್ಸೂಚಿ ಸೌಲಭ್ಯ ಬೇಕೇ ಸಾರ್?’ ಎಂದು ಆ ಸಭ್ಯ ಯುವಕನೇ ಕೇಳುತ್ತಿದ್ದ, ಷಡ್ಡಕರು ಬೇಡವೆನ್ನುತ್ತಿದ್ದರು. ಎಲ್ಲ ಕಾರುಗಳಿಗೂ ಒಂದೇ ಕಡೆ ಮುಚ್ಚಳ ಇಟ್ಟರಾಗದೇ ಎಂದು ಕೇಳುವವರಿಗೆ, ಹಾಗಿಟ್ಟರೆ ಬಂಕಿನಲ್ಲಿ ಅರ್ಧ ಪಂಪುಗಳ ಮುಂದೆ ಮಾತ್ರ ಸಾಲು ಬೆಳೆದು ಇನ್ನರ್ಧ ಖಾಲಿ ಹೊಡೆಯುತ್ತವೆ ಎಂದು ನಾನು ವಾದಿಸಬಲ್ಲೆ. ವಾದಿಸಿಯೂ ಇದ್ದೇನೆ, ಅಂದೇ, ಆ ಬಂಕಿನಲ್ಲಿ, ಎಡಮಗ್ಗುಲಿಗೆ ನಿಂತ ಕಾರಿನೊಳಗೆ ಕುಳಿತು. ಷಡ್ಡಕರು ಹೊರಗೆ ಪೈಪನ್ನು ಕಾರಿನ ಬೆನ್ನ ಮೇಲಿಂದ ಎಳೆದು ಬಲಗಡೆಯ ಮುಚ್ಚಳಕ್ಕೆ ಮುಟ್ಟಿಸಲು ಹೆಣಗುತ್ತಿದ್ದರು. ಗೇಣುದ್ದ ಸಾಲದಾಯಿತು. ಮಳೆಯ ಸದ್ದಿನಲ್ಲಿ ನನ್ನ ವಾದ ಅವರಿಗೆ ಕೇಳಿಸಿತೋ ಇಲ್ಲವೋ.

ಕಾರು ಒಪ್ಪಿಸಿದೆವು. ಠೇವಣಿಯೂ ಕೆಲವು ದಿನಗಳಲ್ಲಿ ಬಿಡುಗಡೆಯಾಯಿತು. ಅಷ್ಟಾದ ಮೇಲೆ ಕಂಪನಿಯಿಂದ ಒಂದು ಪತ್ರ. ಹೆದ್ದಾರಿಯಲ್ಲೆಲ್ಲೋ ಕ್ಯಾಮೆರಾ ನಮ್ಮ ನಂಬರ್ ಪ್ಲೇಟ್ ಓದಿ ಟೋಲ್ ಬಿಲ್ಲನ್ನು ಅವರಿಗೆ ಕಳುಹಿಸಿದೆ, ಅವರು ನಮ್ಮ ಪರವಾಗಿ ಕಟ್ಟಿದ್ದಾರೆ, ಕಟ್ಟಿದ ಶ್ರಮಕ್ಕೆ ನಿರ್ವಹಣಾ ಶುಲ್ಕ ಹಾಕಿದ್ದಾರೆ. ಟೋಲ್ ಸಣ್ಣದು, ಶುಲ್ಕ ಅದರ ಅಪ್ಪ. ಷಡ್ಡಕರು ಈಗ ಕಾರು ಹುಡುಕುವುದನ್ನು ಬಿಟ್ಟು ಪತ್ರ ಬರೆಯುವುದಕ್ಕೆ ಕುಳಿತಿದ್ದಾರೆ. ನಾಲ್ಕು ಪುಟದ ಆಕ್ಷೇಪಣೆ, ಕಾರಿನ ಗೀರುಗಳ ಚಿತ್ರಗಳ ಸಮೇತ, ಅವು ಏಕೆಂದು ನಾನು ಕೇಳಲಿಲ್ಲ. ಆ ದಾರಿಯಲ್ಲಿ ಟೋಲಿನ ಫಲಕವೇ ಇರಲಿಲ್ಲವೆಂದೂ, ‘ಪಕ್ಕದ ಆಸನದಲ್ಲಿದ್ದ ನನ್ನ ಷಡ್ಡಕರು ಇದಕ್ಕೆ ಪ್ರತ್ಯಕ್ಷ ಸಾಕ್ಷಿ’ ಎಂದೂ ಮೂರನೆಯ ಪುಟದಲ್ಲಿದೆ. ಆ ಹೊತ್ತಿನಲ್ಲಿ ನಾನು ಗೊರಕೆ ಹೊಡೆಯುತ್ತಿದ್ದೆನೆಂಬುದು ಹಿಂದಿನ ಸೀಟಿನಲ್ಲಿದ್ದ ಅಕ್ಕತಂಗಿಯರಿಬ್ಬರಿಗೂ ಗೊತ್ತು. ಅವರಿಗೆ ಇನ್ನೂ ಪತ್ರ ತೋರಿಸಿಲ್ಲ.