ಮಂಗಳ ಚಂದ್ರನಷ್ಟು ದೊಡ್ಡದಾಗಿ ಕಾಣುವುದಿಲ್ಲ

"ಆಗಸ್ಟ್ 27ರ ರಾತ್ರಿ ಮಂಗಳ ಚಂದ್ರನಷ್ಟೇ ದೊಡ್ಡದಾಗಿ ಕಾಣುತ್ತದೆ, ಆಕಾಶದಲ್ಲಿ ಎರಡು ಚಂದ್ರ" ಅನ್ನೋ ವಾಟ್ಸಾಪ್ ಮೆಸೇಜು ಮತ್ತೆ ಬಂದಿದೆ. ಸುಳ್ಳು. 2003ರಲ್ಲಿ ಆ ದಿನ ಮಂಗಳ ನಿಜಕ್ಕೂ ತುಂಬ ಹತ್ತಿರ ಬಂದಿತ್ತು, ಸುಮಾರು 5.6 ಕೋಟಿ ಕಿಲೋಮೀಟರ್. 75 ಪಟ್ಟು ಹಿಗ್ಗಿಸುವ ಟೆಲಿಸ್ಕೋಪಿನಲ್ಲಿ ನೋಡಿದರೆ, ಬರಿಗಣ್ಣಿಗೆ ಚಂದ್ರ ಕಾಣುವಷ್ಟು ದೊಡ್ಡದಾಗಿ ಕಾಣುತ್ತದೆ ಅನ್ನುವುದು ಮೂಲ ಮಾತು. ಫಾರ್ವರ್ಡ್ ಆಗ್ತಾ ಆಗ್ತಾ ಟೆಲಿಸ್ಕೋಪು ಉದುರಿಹೋಯಿತು, ವರ್ಷವೂ ಉದುರಿತು. ಬರಿಗಣ್ಣಿಗೆ ಅದು ಯಾವತ್ತೂ ಕೆಂಪು ಚುಕ್ಕಿಯೇ.

ಸುಮ್ನೆ ನೋಡುವ ಆಸೆ ಇದೆಯಾ? ಚಂದ್ರ ದಿನಕ್ಕೆ ಸುಮಾರು 13 ಡಿಗ್ರಿ ಪೂರ್ವಕ್ಕೆ ಸರಿಯುತ್ತಾನೆ, ಹಾಗಾಗಿ ತಿಂಗಳಿಗೊಮ್ಮೆ ಮಂಗಳನ ಪಕ್ಕ ಹಾದುಹೋಗುತ್ತಾನೆ. ಆ ರಾತ್ರಿ ಅವನ ಹತ್ತಿರ ಅಷ್ಟಾಗಿ ಮಿನುಗದ ಕೆಂಪು ಚುಕ್ಕಿ ಹುಡುಕಿ. ಮಂಗಳ ಸೂರ್ಯನ ದಿಕ್ಕಿನಲ್ಲೇ ಇರುವ ತಿಂಗಳುಗಳಲ್ಲಿ ಮಾತ್ರ ಸಿಗುವುದಿಲ್ಲ.